ಬೆನ್ನು ತಿರುಗಿಸಿ ನಿಂತವರು

"ಅವಳಿಗೆ ಬೇಡ ಚಿಕ್ಕಪ್ಪ. ಬೇರೆ ಯಾರಿಗಾದ್ರೂ ಕೊಡಿ."

ಹದಿಮೂರು ತಿಂಗಳ ಮೇಲೆ ಆ ಧ್ವನಿ ಪರಸ್ತೂಳ ಕಿವಿಗೆ ಬಿದ್ದದ್ದು ಹೀಗೆ. ಹೇಗಿದ್ದೀಯ ಎಂದು ಕೇಳಬಹುದಿತ್ತು. ಬದಲಿಗೆ, 'ಬೇಡ'!

ಅವಳು ಚಹಾ ಕಾಯಿಸುವ ಸಮೋವರಿನ ನಲ್ಲಿ ಮುಚ್ಚಿ ತಿರುಗಿ ನೋಡಿದಳು. ಬೆಹ್ರಂಗ್ ಚಹಾದಂಗಡಿಯ ಹೊಸ್ತಿಲ ಆಚೆಯೇ ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣು ಮಾತ್ರ ಅದೇ... ಅವಳನ್ನು ಬಿಟ್ಟು ಅಂಗಡಿಯಲ್ಲಿದ್ದ ಎಲ್ಲವನ್ನೂ ನೋಡುತ್ತಿದ್ದ ಕಣ್ಣು.

ರಸ್ತೆ ಮುಗಿದು ಅಲ್ಬೋರ್ಜ್ ಬೆಟ್ಟ ಶುರುವಾಗುವಲ್ಲಿ ಅವಳ ಅಪ್ಪನ ಚಹಾದಂಗಡಿ. ಬೆಟ್ಟದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಊರಿನ ಸ್ವಯಂಸೇವಕರು ಸೇರುವುದು ಅಲ್ಲೇ. ರೊಟ್ಟಿ ಸುಡುವವನು, ಶಾಲೆ ಮೇಷ್ಟ್ರು, ಸ್ಕೀ ಮಾಡುವವರನ್ನು ಮೇಲಕ್ಕೆಳೆಯುವ ತೂಗುಕುರ್ಚಿಯ ಮೆಕ್ಯಾನಿಕ್ ಬೆಹ್ರಂಗ್. ಇವರೆಲ್ಲರ ಯಜಮಾನ ನಾದಿರ್ ಚಿಕ್ಕಪ್ಪ. ಊರಿಗೆಲ್ಲ ಚಿಕ್ಕಪ್ಪ, ಗಾತ್ರದಲ್ಲಿ ಮಾತ್ರ ದೊಡ್ಡಪ್ಪ.

ನಿನ್ನೆ ಬೆಳಿಗ್ಗೆ ತೆಹ್ರಾನಿನಿಂದ ಬಂದ ಇಬ್ಬರು ಹುಡುಗರು, ಪೂಯಾ ಮತ್ತು ಮಾಜ್ಯಾರ್, ಸ್ಕೀ ಹೊತ್ತು ಬೆಟ್ಟದ ಹಿಂಬದಿಗೆ ಹೋಗಿದ್ದರು. ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರುತ್ತೇವೆ, ಬಿಸಿ ಆಶ್ ಸೂಪು ಮಾಡಿಡಿ, ಪುದೀನ ಮಾತ್ರ ಜಾಸ್ತಿ ಇರಲಿ ಎಂದು ಮಾಜ್ಯಾರ್ ನಗುತ್ತ ಹೇಳಿ ಹೋಗಿದ್ದ. ಅವರ ಕಾರು ಅಂಗಡಿಯ ಮುಂದೆ ಹಿಮದಲ್ಲಿ ಹೂತು ಹೋಗಿತ್ತು. ನಿನ್ನೆಯ ಆಶ್ ಚೆಲ್ಲಿ, ಪರಸ್ತೂ ಇವತ್ತು ಬೆಳಿಗ್ಗೆ ಮತ್ತೆ ಹೊಸದಾಗಿ ಒಲೆಗೆ ಇಟ್ಟಿದ್ದಳು.

ಮಾಜ್ಯಾರನನ್ನು ಮದುವೆಯಾಗಬೇಕಿದ್ದ ಹುಡುಗಿ ತರಾನೆ ಮುಂಜಾನೆಯೇ ಬಂದಿದ್ದಳು. ಸಮೋವರಿನ ಪಕ್ಕ ಕೂತು, ಕೊಟ್ಟ ಚಹಾ ಕುಡಿಯದೆ, ಸಕ್ಕರೆ ಉಂಡೆಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದಳು.

ನಾದಿರ್ ಚಿಕ್ಕಪ್ಪನ ಕೈಯಲ್ಲಿ ಹಳೆಯ ಟಗರಿನ ಕೊಂಬಿತ್ತು. ಹಿಮ ಅಗೆಯುವಾಗ ಒಬ್ಬರು ಆ ಕೊಂಬು ಹಿಡಿದು, ಅಗೆಯುವವರಿಗೆ ಬೆನ್ನು ಹಾಕಿ, ಮೇಲಿನ ಇಳಿಜಾರನ್ನೇ ನೋಡುತ್ತ ನಿಲ್ಲಬೇಕು. ಹಿಂದೆ ಏನೇ ಕೇಳಿಸಿದರೂ ತಿರುಗಬಾರದು. ಮೇಲಿನ ಹಿಮ ಕದಲುವ ಸುಳಿವು ಸಿಕ್ಕರೆ ಊದಬೇಕು. ಊದಿದರೆ ಎಲ್ಲರೂ ಸಲಿಕೆ ಬಿಸಾಡಿ ದಿಬ್ಬಕ್ಕೆ ಓಡಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಊದಿದವರನ್ನು 'ಯಾಕೆ ಊದಿದೆ' ಎಂದು ಯಾರೂ, ಯಾವತ್ತೂ ಕೇಳಬಾರದು.

ಈಗೀಗ ಕೊಂಬು ಹಿಡಿಯುವವನು ಜ್ವರದಲ್ಲಿ ಮಲಗಿದ್ದ. ಆ ಇಳಿಜಾರನ್ನು ತೊಟ್ಟಿಲಿನಿಂದಲೇ ನೋಡಿ ಬೆಳೆದವಳು ಪರಸ್ತೂ. ಅದಕ್ಕೇ ಚಿಕ್ಕಪ್ಪ ಕೊಂಬನ್ನು ಅವಳತ್ತ ಚಾಚಿದ್ದ.

"ಯಾಕೆ ಬೇಡ? ನನ್ನ ಕಣ್ಣಿಗೇನಾಗಿದೆ?" ಎಂದಳು ಅವಳು, ಬೆಹ್ರಂಗ್ ಕಡೆ ನೋಡದೆ. "ಇಲ್ಲದ್ದನ್ನ ನೋಡಿ ಊದೋ ಅಭ್ಯಾಸ ನನಗಿಲ್ಲ."

ಬೆಹ್ರಂಗನ ಮುಖ ಬಿಳಿಚಿಕೊಂಡಿತು. ಅವನು ಸಲಿಕೆ ಹೆಗಲಿಗೇರಿಸಿ ಹೊರಟುಹೋದ.

ನೋವಾಗಲಿ... ಅವನಿಗೂ ಸ್ವಲ್ಪ ನೋವಾಗಲಿ.

ಕಳೆದ ವರ್ಷ ಇದೇ ಬೆಟ್ಟದಲ್ಲಿ ಅವಳ ಅಣ್ಣ ಅರ್ಸಲಾನ್ ಹಿಮದಡಿ ಸಿಕ್ಕಿಬಿದ್ದಿದ್ದ. ಅರ್ಸಲಾನ್ ಎಂದರೆ ಊರಿನ ರೇಡಿಯೋ, ಎಲ್ಲ ಸ್ಟೇಷನ್ನೂ ಅವನೊಬ್ಬನಲ್ಲೇ ಬರುತ್ತಿತ್ತು. ನಾದಿರ್ ಚಿಕ್ಕಪ್ಪ ಸೀನುವುದು, ಹೆಲಿಕಾಪ್ಟರ್ ಇಳಿಯುವುದು, ಹವಾಮಾನ ಓದುವ ಹೆಂಗಸಿನ ಮೂಗಿನ ದನಿ, ಎಲ್ಲವನ್ನೂ ಅಣಕಿಸುತ್ತಿದ್ದ. ತಂಗಿಯನ್ನು ಮದುವೆಗೆ ಕೇಳಲು ಬಂದ ಬೆಹ್ರಂಗ್, ಪುದೀನ ಕಂಡರಾಗದವನು, ಭಾವೀ ಅತ್ತೆ ಬಡಿಸಿದ ಆಶ್‌ನಿಂದ ಒಂದೊಂದೇ ಎಲೆ ಆರಿಸಿ ಬಟ್ಟಲಿನಡಿ ಬಚ್ಚಿಟ್ಟದ್ದನ್ನು ಅರ್ಸಲಾನ್ ಮಾಡಿ ತೋರಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸಿದ್ದ. ಚಿಕ್ಕಂದಿನಲ್ಲೊಮ್ಮೆ ಬಾಯಲ್ಲೇ ಟಗರಿನ ಕೊಂಬು ಊದಿ, ಇಡೀ ಊರನ್ನು ದಿಬ್ಬಕ್ಕೆ ಓಡಿಸಿ, ಅಪ್ಪನಿಂದ ಚೆನ್ನಾಗಿ ಏಟು ತಿಂದಿದ್ದ.

ಅವನನ್ನು ಹುಡುಕಿದ ದಿನ ಕೊಂಬು ಬೆಹ್ರಂಗನ ಕೈಯಲ್ಲಿತ್ತು. ನಾದಿರ್ ಚಿಕ್ಕಪ್ಪನ ಉದ್ದ ಸಲಾಕೆಗೆ ಹಿಮದಾಳದಲ್ಲಿ ಏನೋ ತಗುಲಿತು. ಪರಸ್ತೂ ಗುಂಡಿಗಿಳಿದು ಅಗೆಯುತ್ತಿದ್ದಳು. ಆಗಲೇ ಕೊಂಬು ಕೂಗಿತು. ಎಲ್ಲರೂ ಓಡಿದರು, ಅವಳನ್ನು ಎಳೆದುಕೊಂಡು ಓಡಿದರು. ಗಾಳಿ ಎದ್ದು ಮೋಡ ಮುಚ್ಚಿತು. ಅರ್ಸಲಾನ್ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ, ಹೆಣವಾಗಿ.

ಇಳಿಜಾರು ಅವತ್ತು ಬೀಳಲಿಲ್ಲ. ಇಡೀ ಚಳಿಗಾಲ ಒಂದು ಹಿಡಿ ಹಿಮವನ್ನೂ ಉದುರಿಸಲಿಲ್ಲ.

ಅವಳು ಕೇಳಲಿಲ್ಲ, ಕೇಳುವಂತಿರಲಿಲ್ಲ. ಅವನಾಗಿ ಬಂದು ಹೇಳಲೂ ಇಲ್ಲ. ಸೂತಕದ ನಲವತ್ತು ದಿನ ಕಳೆದ ಮೇಲೆ ನಿಶ್ಚಿತಾರ್ಥದ ಉಂಗುರವನ್ನು ನಾದಿರ್ ಚಿಕ್ಕಪ್ಪನ ಹೆಂಡತಿಯ ಕೈಯಲ್ಲಿ ಕಳಿಸಿಬಿಟ್ಟಳು. ಅಂದಿನಿಂದ ಬೆಹ್ರಂಗ್ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ, ಕುರುಬರ ಕಲ್ಲುಗುಡಿಸಲಿನಲ್ಲಿ ಪೂಯಾ ಸಿಕ್ಕ. ಮಂಡಿ ತಿರುಚಿಕೊಂಡಿತ್ತು, ಜೀವವಿತ್ತು. ನಿನ್ನೆ ನಡುಮಧ್ಯಾಹ್ನವೇ ಹಿಮ ಜಾರಿ ಮಾಜ್ಯಾರನನ್ನು ಕಣಿವೆಯ ಬಾಯಿಗೆ ಎಳೆದೊಯ್ದಿತು ಎಂದು ಹಲ್ಲು ಕಟಕಟಿಸುತ್ತ ಹೇಳಿದ.

ಹುಡುಕುವವರು ಅಲ್ಲಿಗೆ ಧಾವಿಸಿದರು. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು, ಒಂದೊಂದೇ ಹೆಜ್ಜೆಗೆ ಸಲಾಕೆ ಇಳಿಸತೊಡಗಿದರು. ತರಾನೆ ಹಟ ಹಿಡಿದು ದಿಬ್ಬದವರೆಗೂ ಬಂದಿದ್ದಳು. ಪರಸ್ತೂ ಬಂಡೆಯೇರಿ, ಎಲ್ಲರಿಗೂ ಬೆನ್ನು ಹಾಕಿ ನಿಂತಳು.

ಮೇಲೆ ಬರೀ ಬಿಳುಪು. ಕಣ್ಣಲ್ಲಿ ನೀರು ತರಿಸುವ ಬಿಳುಪು. ಹಿಂದಿನಿಂದ ಸಲಾಕೆಯ ಸದ್ದು, ಕೆಮ್ಮು, ಚಿಕ್ಕಪ್ಪನ ಎಣಿಕೆ. ತಿರುಗಿ ನೋಡಬೇಕೆಂದು ಕತ್ತಿನ ನರ ನರವೂ ಎಳೆಯುತ್ತಿತ್ತು.

ಅವತ್ತು ಅವನಿಗೂ ಹೀಗೇ ಎಳೆದಿತ್ತೇ?

"ತಗುಲ್ತು!" ಮೇಷ್ಟ್ರ ಕೂಗು.

"ಸಲಿಕೆ ಕೊಡಿ. ನಾನು ಇಳೀತೀನಿ," ಎಂದಿತು ಬೆಹ್ರಂಗನ ಧ್ವನಿ.

ಆಗಲೇ, ದೂರದಲ್ಲಿ ಯಾರೋ ಹಾಸಿಗೆ ಕೊಡವಿದಂತೆ 'ದೊಪ್' ಎಂದಿತು. ಇಳಿಜಾರಿನ ಮೇಲ್ಭಾಗದಲ್ಲಿ ಒಂದು ಗೆರೆ ಮೂಡಿತು. ಬೆರಳು ದಪ್ಪದ ಕಪ್ಪು ಗೆರೆ, ಹಿಮ ಬಿರಿದ ಗುರುತು.

ಪರಸ್ತೂ ಉಸಿರು ಬಿಗಿಹಿಡಿದಳು. ಗೆರೆ ಅಗಲವಾಗಲಿಲ್ಲ. ಇನ್ನು ಹತ್ತು ನಿಮಿಷ ಸಾಕು, ಅವನನ್ನು ತೆಗೆದುಬಿಡುತ್ತಾರೆ. ಗೆರೆ ಹಾಗೇ ಇರಬಹುದು. ಇರದೆಯೂ ಹೋಗಬಹುದು...

"ಇನ್ನೊಂದು ಸ್ವಲ್ಪ, ಬಟ್ಟೆ ಕಾಣ್ತಿದೆ," ಎಂದ ಬೆಹ್ರಂಗ್. ದನಿ ನೆಲದೊಳಗಿಂದ ಬಂದಂತಿತ್ತು. ಅಷ್ಟು ಆಳಕ್ಕೆ ಇಳಿದುಬಿಟ್ಟಿದ್ದ.

ಅವಳ ತುಟಿ ತಾನಾಗಿ ಕೊಂಬಿಗೆ ಹೋಯಿತು.

ಕೊಂಬು ಕಣಿವೆಯನ್ನೆಲ್ಲ ಸೀಳಿತು.

ಎಲ್ಲರೂ ಓಡಿದರು. ದಿಬ್ಬದ ಮೇಲೆ ಏದುಸಿರು ಬಿಡುತ್ತ ಕಾದರು. ಹತ್ತು ನಿಮಿಷ, ಇಪ್ಪತ್ತು, ಒಂದು ಗಂಟೆ. ಇಳಿಜಾರು ಬೀಳಲಿಲ್ಲ.

ಬಿಸಿಲು ಸರಿದು ಹಿಮ ಗಟ್ಟಿಯಾದ ಮೇಲೆ ಚಿಕ್ಕಪ್ಪ ಮೂವರನ್ನು ಕರೆದುಕೊಂಡು ಹೋಗಿ ಮಾಜ್ಯಾರನನ್ನು ತಂದ. ಜೀವ ಹೋಗಿ ಒಂದು ದಿನವೇ ಆಗಿದೆ, ನಿನ್ನೆ ಹಿಮದಡಿ ಸಿಕ್ಕಿದ ಕೂಡಲೇ ಹೋಗಿರಬೇಕು ಎಂದರು ಆಂಬುಲೆನ್ಸಿನೊಂದಿಗೆ ಬಂದ ಡಾಕ್ಟರು. ತರಾನೆಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳು ನೆಟ್ಟಗೆ ಪರಸ್ತೂಳ ಹತ್ತಿರ ಬಂದಳು.

"ಬೀಳಲೇ ಇಲ್ವಲ್ಲ... ಹತ್ತು ನಿಮಿಷ ತಡೀಬಹುದಿತ್ತಲ್ಲ ನೀವು?"

ಊರಿನವಳಲ್ಲ, ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲ. ಹದಿಮೂರು ತಿಂಗಳಿಂದ ಪರಸ್ತೂ ಎದೆಯೊಳಗೆ ಕಚ್ಚಿಹಿಡಿದಿದ್ದ ಮಾತನ್ನು ಅವಳು ಅಕ್ಷರ ತಪ್ಪದಂತೆ ಆಡಿಬಿಟ್ಟಳು.

ಪರಸ್ತೂ ತರಾನೆಯನ್ನು ತಬ್ಬಿಕೊಂಡಳು. ಆ ಹುಡುಗಿ ಎರಡೂ ಮುಷ್ಟಿಯಿಂದ ಅವಳ ಬೆನ್ನಿಗೆ ಗುದ್ದಿದಳು, ಗುದ್ದುತ್ತಲೇ ಅತ್ತಳು. ಗುದ್ದಿಕೊಳ್ಳಲಿ. ನನಗೆ ಗುದ್ದಲು ಯಾರೂ ಸಿಕ್ಕಿರಲಿಲ್ಲ...

ಸಂಜೆಯ ಹೊತ್ತಿಗೆ ಆಂಬುಲೆನ್ಸ್ ಇಳಿದು ಹೋಯಿತು. ತರಾನೆಯೂ ಅದರಲ್ಲೇ ಹೋದಳು. ಬೆಹ್ರಂಗ್ ಅಂಗಡಿಯ ಹೊರಗೆ, ಸೌದೆ ರಾಶಿಯ ಪಕ್ಕ ನಿಂತು ಸಲಿಕೆಯ ಹಿಮ ಕೆರೆಯುತ್ತಿದ್ದ. ಹಿಮ ಯಾವಾಗಲೋ ಹೋಗಿತ್ತು. ಸುಮ್ಮನೆ ಕೆರೆಯುತ್ತಿದ್ದ.

ಪರಸ್ತೂ ಹೊರಗೆ ಬಂದಳು. ಕೊಂಬು ಇನ್ನೂ ಅವಳ ಕೈಯಲ್ಲೇ ಇತ್ತು.

"ಯಾಕೆ ಊದ್ದೆ ಅಂತ ಕೇಳು," ಎಂದಳು.

"ಕೇಳಬಾರ್ದು."

"ಕೇಳು, ಬೆಹ್ರಂಗ್."

ಅವನು ಕೆರೆಯುವುದನ್ನು ನಿಲ್ಲಿಸಿ ಕೇಳಿದ. "ಯಾಕೆ ಊದ್ದೆ?"

"ಗೆರೆ ಬೆರಳಷ್ಟಿತ್ತು. ಅಷ್ಟಕ್ಕೇ ಊದ್ಬೇಕೋ ಬೇಡ್ವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ನಿನ್ನ ದನಿ ಕೇಳಿಸ್ತು. ಗುಂಡಿಯೊಳಗೆ ನೀನಿದ್ದೆ... ಅದಕ್ಕೇ ಊದ್ದೆ."

ಸಲಿಕೆ ಅವನ ಕೈಯಿಂದ ಜಾರಿತು. ಅವನು ಸೌದೆಯ ಮೇಲೆ ಕುಸಿದು ಕೂತ.

"ನಾನು ಕಂಡಿದ್ದು ಕೂದಲೆಳೆಯಷ್ಟು ಗೆರೆ," ಎಂದ, ನೆಲ ನೋಡುತ್ತ. "ಅವತ್ತು ಗುಂಡಿಯೊಳಗೆ ನೀನಿದ್ದೆ ಪರಸ್ತೂ. ನೀನಿಲ್ಲದಿದ್ರೆ ಹತ್ತು ನಿಮಿಷ ಕಾಯ್ತಿದ್ದೆನೋ ಏನೋ. ಅರ್ಸಲಾನ್‌ನ ಹತ್ತು ನಿಮಿಷ ಕಿತ್ಕೊಂಡು ನಿನಗೆ ಕೊಟ್ಟೆ. ಇದನ್ನ ನಿನ್ನ ಮುಂದೆ ಯಾವ ಬಾಯಲ್ಲಿ ಹೇಳ್ಲಿ? ಬೆಳಿಗ್ಗೆ ಬೇಡ ಅಂದಿದ್ದೂ ಇದಕ್ಕೇ. ಇದು ನಿನ್ನ ತಲೆ ಮೇಲೂ ಬೀಳೋದು ಬೇಡ ಅಂತ."

"ಅವತ್ತು ಆ ಹೊತ್ತಲ್ಲಿ ಅಣ್ಣ... ಬದುಕಿದ್ನಾ?"

"ಗೊತ್ತಿಲ್ಲ. ಇವತ್ತು ನಿನಗೆ ಡಾಕ್ಟರ್ ಹೇಳಿದ್ರು. ನನಗೆ ಯಾರೂ ಹೇಳಲಿಲ್ಲ."

ಪರಸ್ತೂ ಅತ್ತಳು. ಅಣ್ಣ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಬೆಹ್ರಂಗನನ್ನು ಕ್ಷಮಿಸಿದೆನೇ? ಕ್ಷಮಿಸಲು ತಾನು ಯಾರು, ತಾನೂ ಅದನ್ನೇ ಮಾಡಿದವಳು! ಅಣ್ಣನ ಹತ್ತು ನಿಮಿಷ ತನ್ನ ಮೈಯಲ್ಲೇ ಇತ್ತು. ಹದಿಮೂರು ತಿಂಗಳು ಅದನ್ನೇ ಉಸಿರಾಡಿಕೊಂಡು, ಅದನ್ನು ಕೊಟ್ಟವನನ್ನೇ ದ್ವೇಷಿಸಿದ್ದಳು.

ಅವನ ಪಕ್ಕದಲ್ಲಿ ಕೂತಳು. ಕೊಂಬು ಇಬ್ಬರ ನಡುವೆ ಇತ್ತು.

"ಇನ್ಮೇಲೆ ಕೊಂಬು ಹಿಡಿಯೋರು, ಗುಂಡಿಯೊಳಗೆ ತಮ್ಮೋರು ಯಾರೂ ಇಲ್ಲದೋರೇ ಆಗಿರ್ಬೇಕು," ಎಂದ ಬೆಹ್ರಂಗ್.

"ಈ ಊರಲ್ಲಿ ಅಂಥೋರು ಯಾರಿದಾರೆ, ಹೇಳು?"

ಅವನು ನಿಜವಾಗಿಯೂ ಎಣಿಸಲು ಹೊರಟ. ರೊಟ್ಟಿಯವನಿಗೆ ಮೇಷ್ಟ್ರು ಭಾವಮೈದುನ. ಮೇಷ್ಟ್ರಿಗೆ ಚಿಕ್ಕಪ್ಪ ಮಾವ. ಚಿಕ್ಕಪ್ಪನಿಗೆ ಎಲ್ಲರೂ ಮಕ್ಕಳು. ನಾಲ್ಕನೇ ಬೆರಳಿಗೆ ಬಂದು ನಿಂತುಬಿಟ್ಟ. ಆ ಬೆರಳಲ್ಲಿ, ಅವಳು ವಾಪಸ್ಸು ಕಳಿಸಿದ ಉಂಗುರವಿತ್ತು. ಗೆಣ್ಣಿನಿಂದ ಕೆಳಗಿಳಿಯದೆ ಅಲ್ಲೇ ಸಿಕ್ಕಿಕೊಂಡಿತ್ತು.

ಅವಳು ಆ ಬೆರಳನ್ನು ಹಿಡಿದುಕೊಂಡಳು.

"ಒಳಗೆ ಬಾ. ಆಶ್ ಇದೆ."

"ಅದು ಅವರಿಗೆ ಅಂತ ಮಾಡಿದ್ದು."

"ಹೂಂ. ಪುದೀನ ಜಾಸ್ತಿ ಹಾಕಿದೀನಿ. ನಿನಗೆ ಆಗಲ್ಲ."

ಬೆಹ್ರಂಗ್ ಎದ್ದ. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಬೂಟಿನ ಹಿಮ ಕೊಡವಿ, ಒಳಗೆ ಕಾಲಿಟ್ಟ.

"ಇವತ್ತು ಆಗುತ್ತೆ," ಎಂದ.