ಎರಡು ಸಲ ಬಂದ ನಾಲ್ಕನೇ ತಿಂಗಳು

"ಎಂಟುನೂರು ವರ್ಷದ ಹಿಂದ ಸತ್ತಾಂವನ ಸರ್ವಿಸ್ ರಿಜಿಸ್ಟರ್ ಬರೀತೀರೇನ್ರಿ? ಯಾಕ, ಪೆನ್ಶನ್ ಕೊಡಸಾಕೇನು?"

ಯುಗಾದಿ ಊಟದ ಸಾಲಿನಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಿಂಚನಾಳ ಬಾಯಿಗೆ ಹೋಗುತ್ತಿದ್ದ ಹೋಳಿಗೆ ಅರ್ಧ ದಾರಿಯಲ್ಲೇ ನಿಂತಿತು!

ತಪ್ಪು ಊಟಕ್ಕೆ ಕರೆದಿದ್ದ ಸೌಭಾಗ್ಯ ಆಂಟಿಯದು. ಬಡಿಸುವಾಗ ಸುಮ್ಮನಿರದೆ, "ಇವಳು ನಮ್ಮ ಮೈಸೂರು ಹುಡುಗಿ. ಇಲ್ಲೇ ಹೈಡೆಲ್‌ಬರ್ಗ್‌ನಲ್ಲಿ ಪಿಎಚ್‌ಡಿ ಮಾಡ್ತಿದಾಳೆ. ಜಪಾನಿನ ಹಳೇ ಕಾಲದ ಅರಮನೆ ಅಧಿಕಾರಿ ಒಬ್ಬನ ಮೇಲೆ" ಎಂದು ಪರಿಚಯಿಸಿದ್ದರು. ಎದುರಿಗೆ ಕೂತಿದ್ದ ಗದಗಿನ ಸಿದ್ದಲಿಂಗೇಶ ಈ ಬಾಣ ಬಿಟ್ಟಿದ್ದ.

"ನೀವೇನ್ ಮಾಡ್ತೀರಿ?" ಸಿಂಚನಾ ಸಿಡುಕಿದಳು.

"ಇಲ್ಲೇ ಹತ್ತರ ವಾಲ್‌ಡಾರ್ಫ್‌ನಾಗ ಸಾಫ್ಟ್‌ವೇರ್‌ರಿ. ಬದುಕಿದ್ದವರ ಸರ್ವಿಸ್ ರಿಜಿಸ್ಟರ್ ಇಡೂ ಪ್ರೋಗ್ರಾಮ್ ಬರೀತೀನಿ." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ನಿಜವಾಗಿಯೂ ಕುತೂಹಲದಿಂದ ಕೇಳಿದ. "ಖರೇನ ಹೇಳ್ರಿ... ಆಮ್ಯಾಲ ಏನಾತು ಅವಂಗ?"

ಜರ್ಮನಿಗೆ ಬಂದ ಮೇಲೆ ಮೊದಲ ಸಲ ಒಬ್ಬರು 'ಆಮೇಲೆ ಏನಾಯ್ತು' ಎಂದು ಕೇಳಿದ್ದರು. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವಳು ಹೇಳಿದಳು. ಮೊರೊಕಗೆ ಎಂಬ ಕುಲೀನ. ಹದಿನಾರಕ್ಕೆ ಕ್ಯೋಟೋ ಅರಮನೆಯಲ್ಲಿ ಪತ್ರ ಬರೆಯುವ ಕೆಲಸ, ಇಪ್ಪತ್ತಕ್ಕೆ ಐದನೇ ದರ್ಜೆಗೆ ಬಡ್ತಿ, ಮೂವತ್ತೈದಕ್ಕೆ ಚಕ್ರವರ್ತಿಯ ಮಂತ್ರಾಲೋಚನೆಯಲ್ಲಿ ಆಸನ. ಎಲ್ಲವೂ ಕೈಗೆ ಬಂದ ಹೊತ್ತಿನಲ್ಲಿ, ಹುದ್ದೆಯೆಲ್ಲ ಬಿಟ್ಟು ತಲೆ ಬೋಳಿಸಿಕೊಂಡು ಬೆಟ್ಟದ ಮಠ ಸೇರಿಬಿಟ್ಟ!

"ಯಾಕ್ರಿ?"

"ವೈರಾಗ್ಯ" ಎಂದಳು ಸಿಂಚನಾ, ಬಹಳ ತಿಳಿದವಳ ಹಾಗೆ.

ಆ ಬೇಸಿಗೆಯ ಶನಿವಾರಗಳೆಲ್ಲ ನೆಕಾರ್ ನದಿಯ ದಂಡೆಯ ಬೆಂಚಿನ ಮೇಲೆ ಕಳೆದವು. ಮೊರೊಕಗೆಯ ಮುನ್ನೂರು ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಲು ಸಿದ್ದಲಿಂಗೇಶ ಒಂದು ಪ್ರೋಗ್ರಾಮ್ ಬರೆದ. ಕೆಲಸ ಹತ್ತು ನಿಮಿಷ, ಮಾತು ಮೂರು ಗಂಟೆ. ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ...

ಒಂದು ಶನಿವಾರ ಅವನು ಕೇಳಿದ್ದ. "ಇಲ್ಲಿ ನಾಲ್ಕನೇ ತಿಂಗಳು ಎರಡು ಸಲ ಬಂದೈತಲ್ರಿ. ಒಂದು ಬರೇ ನಾಲ್ಕು, ಇನ್ನೊಂದು ಅಧಿಕ ನಾಲ್ಕು. ಯಾವುದು ಮೊದಲು?"

"ಅಧಿಕ ಮೊದಲು, ನಿಜ ಆಮೇಲೆ. ನಮ್ಮ ಪಂಚಾಂಗದಲ್ಲಿ ಇರೋ ಹಾಗೇ!"

"ಜಪಾನಿನಾಗೂ ಹಂಗೇನು? ಒಮ್ಮೆ ನಿಮ್ಮ ಪ್ರೊಫೆಸರ್‌ನ ಕೇಳ್ರಿ."

"ಅಯ್ಯೋ, ನಮ್ಮಜ್ಜಿ ಜೊತೆ ಪಂಚಾಂಗ ನೋಡ್ತಾ ಬೆಳೆದೋಳು ನಾನು. ನೀವು ಸುಮ್ನೆ ಬರೀರಿ."

ಅವನು ಸುಮ್ಮನೆ ಬರೆದ. ನಮ್ಮ ಸಿಂಚನಾಗೆ ಜಂಬ ಒಂದು ಹಿಡಿ ಜಾಸ್ತಿಯೇ!

ಅಕ್ಟೋಬರ್‌ನಲ್ಲಿ ಅವಳ ಮೊದಲ ಸೆಮಿನಾರ್. ಇಪ್ಪತ್ತು ಜನ. ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಿದ್ದಲಿಂಗೇಶ ಕೊನೆಯ ಸಾಲಿನಲ್ಲಿ ಕೂತಿದ್ದ.

ಅವಳು ಪರದೆಯ ಮೇಲೆ ಪಟ್ಟಿ ತೋರಿಸಿದಳು. ಅಧಿಕ ನಾಲ್ಕನೇ ತಿಂಗಳಲ್ಲಿ ಮೊರೊಕಗೆ ರಾಜೀನಾಮೆ ಕೊಟ್ಟ. ನಾಲ್ಕನೇ ತಿಂಗಳಲ್ಲಿ ಅವನ ಬಾಲ್ಯದ ಗೆಳೆಯನನ್ನು ದೂರದ ದ್ವೀಪಕ್ಕೆ ಗಡೀಪಾರು ಮಾಡಿದರು. "ಅಷ್ಟು ಹೊತ್ತಿಗೆ ಇವನು ಲೋಕವನ್ನೇ ಬಿಟ್ಟಾಗಿತ್ತು. ಇದು ಶುದ್ಧ ವೈರಾಗ್ಯ" ಎಂದು ಮುಗಿಸಿದಳು.

ಪ್ರೊಫೆಸರ್ ಲಿಂಡ್ನರ್ ಕನ್ನಡಕ ತೆಗೆದರು.

"ಜಪಾನಿನಲ್ಲಿ ಅಧಿಕ ತಿಂಗಳು ಬರುವುದು ಆಮೇಲೆ, ಮೊದಲಲ್ಲ. ಅಂದರೆ ಮೊದಲು ಗೆಳೆಯನ ಗಡೀಪಾರು. ವಿಚಾರಣೆಯಲ್ಲಿ ಅವನ ವಿರುದ್ಧ ಹೇಳಿಕೆ ಕೊಟ್ಟವನು ಯಾರು, ನಿಮ್ಮ ಪಟ್ಟಿಯಲ್ಲೇ ಇದೆ."

ಸಿಂಚನಾ ಪರದೆ ನೋಡಿದಳು. ಮೊರೊಕಗೆ!

"ಅವನು ವೈರಾಗ್ಯದಿಂದ ಹೋಗಲಿಲ್ಲ. ನಾಚಿಕೆಯಿಂದ ಓಡಿಹೋದ" ಎಂದರು ಪ್ರೊಫೆಸರ್. "ಈ ಕ್ರಮ ಹಾಕಿದ್ದು ಯಾರು?"

ಇಪ್ಪತ್ತು ಮುಖಗಳು ಅವಳತ್ತ ತಿರುಗಿದವು. 'ನಾನೇ' ಎನ್ನಬೇಕು. ಒಂದೇ ಮಾತು...

"ಅದು... ಪ್ರೋಗ್ರಾಮ್ ಮಾಡಿದ ತಪ್ಪು. ಕಂಪ್ಯೂಟರ್ ಕೆಲಸದವರು ಯಾರೋ ಒಬ್ಬರು ಬರೆದುಕೊಟ್ಟಿದ್ದು. ಅವರಿಗೆ ವಿಷಯ ಗೊತ್ತಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಇಲ್ಲಿ ಆ ನೆಲಕ್ಕೆ ಕಿವಿಯಿತ್ತು, ಅದು ಕೊನೆಯ ಸಾಲಿನಲ್ಲಿ ಕೂತಿತ್ತು.

ಸಿದ್ದಲಿಂಗೇಶ ಎದ್ದು ನಿಂತ. ತನಗೆ ಬರುವ ಅರೆಬರೆ ಜರ್ಮನ್‌ನಲ್ಲಿ, "ಕ್ಷಮಿಸಿ, ಅದು ಬರೆದದ್ದು ನಾನು. ತಪ್ಪು ನನ್ನದೇ" ಎಂದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅವಳ ಮೊಬೈಲಿಗೆ ಒಂದು ಫೈಲ್ ಬಂತು. 'ಸರಿ ಮಾಡೀನ್ರಿ. ಈಗ ಅಧಿಕ ಆಮ್ಯಾಲ ಬರ್ತೈತಿ. ನಿನ್ನೆ ನಾ ಬರಬಾರದಿತ್ತು. ನಿಮಗ ಮುಜುಗರ ಆತು.'

ಅಷ್ಟೇ. ಒಂದು ಬೈಗುಳವಿಲ್ಲ!

ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ತನ್ನ ಅರೆಬರೆ ಜರ್ಮನ್ ಕೇಳಿ ಅವಳಿಗೆ ಮುಜುಗರವಾಯಿತೆಂದು ಅವನು ತಿಳಿದಿದ್ದಾನಲ್ಲ... ಅವಳು ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಅಳಿಸಿದಳು.

ಹನ್ನೆರಡು ದಿನ ಹೀಗೇ ಕಳೆಯಿತು. ಹಲ್ಲುಜ್ಜುವಾಗ ಕನ್ನಡಿ ನೋಡಲಾಗುತ್ತಿರಲಿಲ್ಲ. ಟ್ರಾಮ್‌ನಲ್ಲಿ ಇಸ್ತ್ರಿ ಅಂಗಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಶನಿವಾರ ಸೌಭಾಗ್ಯ ಆಂಟಿ ಊಟಕ್ಕೆ ಕರೆದಾಗ ಜ್ವರವೆಂದು ಸುಳ್ಳು ಹೇಳಿದಳು. ಅಲ್ಲಿ ಅವನು ಬಂದಿದ್ದರೆ?

'ಎಂಥವಳು ನಾನು! ಅಷ್ಟು ಜನರ ಮುಂದೆ ಅವರನ್ನ ಯಾರೋ ಅಂದೆ... ಗೊತ್ತಿದ್ದೂ ಗೊತ್ತಿದ್ದೂ ಅಂದೆ...'

ಹದಿಮೂರನೇ ದಿನ ಅವನು ಕಳಿಸಿದ ಪಟ್ಟಿಯನ್ನು ಮೊದಲ ಬಾರಿ ತೆರೆದಳು. ಗೆಳೆಯ ದ್ವೀಪದಲ್ಲಿ ಹದಿನಾಲ್ಕು ವರ್ಷ ಬದುಕಿದ್ದ. ಮೊರೊಕಗೆ ಮಠದಿಂದ ಬರೆದ ಪತ್ರಗಳು ಎಪ್ಪತ್ತೆರಡು. ದೇವರಿಗೆ, ಗುರುಗಳಿಗೆ, ತಮ್ಮನಿಗೆ... ಆ ಗೆಳೆಯನಿಗೆ ಒಂದೇ ಒಂದು ಪತ್ರವೂ ಇಲ್ಲ!

ನಾಚಿಕೆಪಡಲು ಬೆಟ್ಟ ಹತ್ತಿದವನು, ಕ್ಷಮೆ ಕೇಳಲು ಒಂದು ಹಾಳೆ ಬಳಸಲಿಲ್ಲ. 'ನಾನೂ ಅದನ್ನೇ ತಾನೇ ಮಾಡ್ತಿರೋದು?'

ಮರುದಿನದ ಸೆಮಿನಾರ್‌ನಲ್ಲಿ ಮಾತಾಡುವ ಸರದಿ ಅವಳದಲ್ಲ. ಆದರೂ ಐದು ನಿಮಿಷ ಕೇಳಿಕೊಂಡು, ಅದೇ ಇಪ್ಪತ್ತು ಜನರ ಮುಂದೆ ನಿಂತಳು. ಹೇಳಬೇಕಾದ್ದನ್ನು ಹೇಳಿದಳು. ಅಲ್ಲಿಂದ ನೇರ ರೈಲು, ರೈಲಿಳಿದು ಬಸ್ಸು.

ವಾಲ್‌ಡಾರ್ಫ್‌ನ ತನ್ನ ಆಫೀಸಿನ ಕಾರ್ ಪಾರ್ಕಿಂಗ್‌ನಲ್ಲಿ ಸಿದ್ದಲಿಂಗೇಶ ಕಾರಿನ ಬಾಗಿಲು ತೆರೆಯುತ್ತಿದ್ದ. ಅವಳನ್ನು ಕಂಡು ಕೈ ಅಲ್ಲೇ ನಿಂತಿತು.

"ಯಾಕ್ರಿ, ಫೈಲ್ ತೆರೀಲಿಲ್ಲೇನು?"

ಅಷ್ಟು ಕೇಳಿದ್ದೇ ತಡ, ಅವಳ ಕಣ್ಣು ತುಂಬಿ ಬಂತು.

"ಅಧಿಕ ಮೊದಲು ಅಂತ ಹೇಳಿದ್ದು ನಾನು. ನೀವು ಪ್ರೊಫೆಸರ್‌ನ ಕೇಳಿ ಅಂದ್ರಿ, ನಾನೇ ಕೇಳ್ಲಿಲ್ಲ. ಆವತ್ತು ಅಲ್ಲಿ ನಿಂತಾಗ್ಲೂ ನಂಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳ್ದೆ. ನಿಮ್ಮ ಭಾಷೆಗೆ ನಾಚಿಕೆ ಆಗಿದ್ದಲ್ಲ... ನನ್ನ ಮೇಲೇ ನಾಚಿಕೆ. ಮುಖ ತೋರಿಸೋಕೆ ಆಗ್ಲಿಲ್ಲ."

ಅವನು ಕಾರಿನ ಬಾಗಿಲು ಮತ್ತೆ ಮುಚ್ಚಿದ.

"ತಪ್ಪು ಹೊತ್ಕೊಂಡಿದ್ದಕ್ಕ ನಂಗ ನೋವಿಲ್ರಿ. ನಿಮಗ ಕಷ್ಟ ಆಗಬಾರದಂತ ನಾನ ಎದ್ದು ಹೇಳೀನಿ. ಆದ್ರ... 'ಯಾರೋ ಒಬ್ಬರು' ಅಂದ್ರಲ್ಲ. ಐದು ತಿಂಗಳ ಶನಿವಾರ ನೆನಪಾದ್ವು. ಯಾರೋ ಅನ್ನೂವಷ್ಟ ಆಗಿದ್ನೇನು ನಾನು?"

ಸಿಂಚನಾ ತಲೆ ತಗ್ಗಿಸಿ ಬಿಕ್ಕಿದಳು. ಸಮರ್ಥನೆಗೆ ಒಂದು ಮಾತೂ ಹುಡುಕಲಿಲ್ಲ.

"ಇವತ್ತು ಅವರ ಮುಂದೆ ಎಲ್ಲಾ ಹೇಳಿ ಬಂದೆ" ಎಂದಳು ಕೊನೆಗೆ. "ಸುಳ್ಳು ಹೇಳಿದ್ದು ನಾನು ಅಂತ."

"ಎಲ್ಲಾರ ಮುಂದ?" ಅವನು ಗಾಬರಿಯಾದ. "ನಿಮ್ಮ ಪ್ರೊಫೆಸರ್ ಏನಂದ್ರು?"

"ಮೊದಲಿಂದ ಬರೀಬೇಕಂತೆ. ಒಂದು ವರ್ಷದ ಕೆಲಸ ಹೋಯ್ತು. ಹೋಗ್ಲಿ ಬಿಡಿ."

"ಮತ್ತ... ನನ್ನ ಯಾರಂತ ಹೇಳಿದ್ರಿ?"

"ಬೋರ್ಡ್ ಮೇಲೆ ನಿಮ್ಮ ಪೂರ್ತಿ ಹೆಸರು ಬರೆದೆ. ಇವರು ನಾನು ಪ್ರೀತಿಸೋ ಮನುಷ್ಯ, ಇವರ ಮೇಲೆ ನಾನು ತಪ್ಪು ಹೊರಿಸಿದೆ ಅಂದೆ." ಅವಳ ಕಿವಿ ಕೆಂಪಾಯಿತು. "ಜರ್ಮನ್‌ನಲ್ಲಿ ಹೇಳ್ಬಿಟ್ಟೆ. ಕನ್ನಡದಲ್ಲಿ ಈಗ ನಿಮ್ಮ ಮುಂದೆ ಹೇಳೋಕೆ..."

"ಹೇಳೀರಿ ಈಗ. ಕೇಳಿಸ್ತು."

ಅವನ ದನಿ ಒದ್ದೆಯಾಗಿತ್ತು. ಕಾರಿನ ಇನ್ನೊಂದು ಬದಿಗೆ ಬಂದು ಅವಳಿಗಾಗಿ ಬಾಗಿಲು ತೆರೆದ. ಅವಳು ಹತ್ತಲಿಲ್ಲ.

"ಸಿಟ್ಟು ಹೋಯ್ತಾ?"

"ಪೂರ್ತಿ ಎಲ್ಲಿ ಹೋಗ್ತೈತ್ರಿ ಇಷ್ಟು ಲಗೂನ?"

"ಇನ್ನೂ ಎಷ್ಟು ದಿನ ಬೇಕು?"

"ಒಂದು ಜನ್ಮ ಹಿಡದರೂ ಹಿಡೀತು. ಅಲ್ಲೀತನಾ ನೀವು ನನ್ನ ಕೂಡನ ಇರಬೇಕಾಗ್ತೈತಿ."

ಅವಳು ಕಣ್ಣೊರೆಸಿಕೊಂಡು, ಎರಡು ವಾರಗಳ ನಂತರ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಇರ್ತೀನಿ... ನಿಧಾನಕ್ಕೇ ಹೋಗ್ಲಿ ಬಿಡಿ, ಆ ಸಿಟ್ಟು!"