ಮೂಟೆ ಮಾತಾಡೋದಿಲ್ಲ

ಮೂರು ದಿನ, ಎರಡು ಸರೋವರ, ಎರಡರ ನಡುವೆ ಒಂದು ನದಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಎರಡನೇ ಸರೋವರದ ಆ ತುದಿಯ ಕಟ್ಟೆಗೆ ದೋಣಿ ಮುಟ್ಟಬೇಕು. ಅಲ್ಲಿ ಮನೆಯವರು ಕಾದಿರುತ್ತಾರೆ. ದೋಣಿ, ಕಾಡು, ಬೆಟ್ಟ ಕಲಿಸುವ ಆರು ತಿಂಗಳ ಹೊರಾಂಗಣ ಶಾಲೆಗೆ ಇದೇ ಕೊನೆಯ ಪರೀಕ್ಷೆ.

"ಈ ಸಲ ನಾನು ಮೂಟೆ," ಎಂದರು ಮೇಷ್ಟ್ರು, ದೋಣಿ ಹತ್ತುವಾಗ. "ನಡುವೆ ಕೂತಿರ್ತೀನಿ. ಹುಟ್ಟು ಹಾಕಲ್ಲ, ದಾರಿ ಹೇಳಲ್ಲ. ದೋಣಿ ಮುಳುಗೋ ಹಾಗಾದ್ರೆ ಮಾತ್ರ ಬಾಯಿ ಬಿಡ್ತೀನಿ."

"ಮೂಟೆ ಊಟ ಮಾಡುತ್ತಾ ಸಾರ್?" ಎಂದ ಡುಮ್ಮ.

"ಮಾಡುತ್ತೆ. ನಿನ್ನ ಪಾಲಿಂದ."

ಶಾಲೆಯಲ್ಲಿ ಇದು ಹಳೆಯ ಪದ್ಧತಿ. ಮೇಷ್ಟ್ರು ದೋಣಿಯ ನಡುವೆ ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಹಿಂತುದಿಯಲ್ಲಿ ಕೂತು ದೋಣಿ ನಡೆಸುವವರ ಒಂದೊಂದು ಸರಿ-ತಪ್ಪನ್ನೂ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ಮುಂದೆ ಹುಟ್ಟು ಹಾಕುವ ಇಬ್ಬರು ಅವರಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಮೇಷ್ಟ್ರ ಮುಖ ಕಾಣುವುದು ಹಿಂತುದಿಯ ಒಬ್ಬರಿಗೆ ಮಾತ್ರ. ಈ ಸಲ ಆ ಒಬ್ಬಳು ಕಡ್ಡಿ. ಮುಂದೆ ಡುಮ್ಮ ಮತ್ತು ಲಾಯರಮ್ಮ.

ಕಡ್ಡಿ ಹೆಸರಿಗೆ ತಕ್ಕ ಹುಡುಗಿ. ಜೋರಾಗಿ ಗಾಳಿ ಬೀಸಿದರೆ ಯಾರಾದರೂ ಹಿಡಿದುಕೊಳ್ಳಬೇಕು. ತೋಳಲ್ಲಿ ಮಾತ್ರ ಕಸುವಿತ್ತು. ಇಲ್ಲದ್ದು ಧೈರ್ಯ. ಪ್ರತಿ ತಿರುವಿನಲ್ಲೂ ಮೇಷ್ಟ್ರ ಮುಖ ನೋಡುವಳು. ಅವರ ಹುಬ್ಬು ಗಂಟಿಕ್ಕಿದರೆ ಇವಳ ಕೈ ನಿಂತುಹೋಗುತ್ತಿತ್ತು.

ಹಿಂದಿನ ತಿಂಗಳು ಮನೆಯವರ ಭೇಟಿಯ ದಿನ ಅಪ್ಪ ದಡದಲ್ಲಿ ನಿಂತೇ ಇದನ್ನು ಕಂಡುಹಿಡಿದಿದ್ದ. ಅಪ್ಪ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷದಲ್ಲಿ ಒಂದು ನಿಮಿಷವೂ ತಡವಾಗಿ ಬಸ್ ಬಿಟ್ಟವನಲ್ಲ.

"ಅವರ ಮುಖದಲ್ಲಿ ದಾರಿ ಬರೆದಿದೆಯೇನೇ?" ಎಂದ. "ಕಂಡಕ್ಟರ್ ಮುಖ ನೋಡ್ಕೊಂಡು ನಾನು ಸ್ಟೇರಿಂಗ್ ತಿರುಗಿಸಿದ್ರೆ ಆಗುತ್ತಾ? ನೋಡು, ಈ ಪರೀಕ್ಷೆ ಪಾಸಾದ್ರೆ ಇನ್ನೊಂದು ವರ್ಷ ಓದು, ಗೈಡ್ ಆಗು, ನಾನು ಅಡ್ಡ ಬರಲ್ಲ. ಫೇಲಾದ್ರೆ ಅವತ್ತೇ ನನ್ನ ಜೊತೆ ಹೊರಡು. ಡಿಪೋದಲ್ಲಿ ಟಿಕೆಟ್ ಕಿಟಕಿ ಕೆಲಸ ಖಾಲಿ ಇದೆ."

ಕಡ್ಡಿ ಆಗಲೇ ಶಪಥ ಮಾಡಿದಳು, ಪ್ರಾಣ ಹೋದರೂ ಮೇಷ್ಟ್ರ ಮುಖ ನೋಡುವುದಿಲ್ಲ ಎಂದು. ಯಾರ ಪ್ರಾಣ ಎಂದು ಯೋಚಿಸಲಿಲ್ಲ.

ಎರಡು ದಿನ ಶಪಥ ಚೆನ್ನಾಗಿಯೇ ನಡೆಯಿತು. ಮೊದಲ ಸರೋವರ ಕನ್ನಡಿಯಂತೆ ಮಲಗಿತ್ತು. ಎರಡೂ ದಡದಲ್ಲಿ ಕಪ್ಪು ಮರಗಳು, ಮರಗಳ ಮೇಲೆ ಮಂಜು, ಮಂಜಿನ ಮೇಲೆ ಇನ್ನೂ ಹಿಮ ಬಿಡದ ಬೆಟ್ಟದ ನೆತ್ತಿ. ಸರೋವರದಿಂದ ನದಿ ಹೊರಡುವಲ್ಲಿ ನೀರು ಕವಲೊಡೆದಾಗ ಕಡ್ಡಿ ಮೇಷ್ಟ್ರ ಟೋಪಿಯ ಮೇಲಿಂದ ದೃಷ್ಟಿ ಹಾಯಿಸಿ, ತಾನೇ ಯೋಚಿಸಿ, ಬಲದ ಕವಲು ಹಿಡಿದಳು. ಅದು ಸರಿಯಾದ ದಾರಿಯೇ ಆಗಿತ್ತು. ಪೆನ್ಸಿಲ್ ಕರಕರ ಎಂದಿತು. ಅವಳ ಎದೆ ಹಿಗ್ಗಿತು.

ಮೂರನೇ ದಿನ ಬೆಳಿಗ್ಗೆ ಮಳೆ. ನದಿ ಎರಡನೇ ಸರೋವರಕ್ಕೆ ಧುಮುಕುವ ಜಾಗದಲ್ಲಿ ನೀರು ಬೆಳ್ಳಗೆ ಕುದಿಯುತ್ತಿತ್ತು.

"ಎಡಕ್ಕೆ!" ಕಡ್ಡಿ ಕೂಗಿದಳು. "ಎಳೀರಿ! ಬಿಡಬೇಡಿ!"

ದೋಣಿ ಬಂಡೆ ಸವರಿತು. ವಾಲಿತು. ನಡುಭಾಗಕ್ಕೆ ಒಂದು ಅಲೆ ಇಡಿಯಾಗಿ ನುಗ್ಗಿತು. ಡುಮ್ಮ ಡಬ್ಬಿಯಲ್ಲಿ ನೀರು ಮೊಗೆದು ಮೊಗೆದು ಚೆಲ್ಲಿದ. ದೋಣಿ ಮುಳುಗಲಿಲ್ಲ, ಆದ್ದರಿಂದ ಮೂಟೆ ಮಾತಾಡಲಿಲ್ಲ. ಮೂಟೆ ಎದೆಯವರೆಗೆ ತೊಯ್ದಿತ್ತು.

"ಬಟ್ಟೆ ಬದಲಾಯಿಸೋಕೆ ನಿಲ್ಲೋಣ್ವಾ?" ಡುಮ್ಮ ಕೇಳಿದ.

ಕಡ್ಡಿ ಗಡಿಯಾರ ನೋಡಿದಳು. ಒಂಬತ್ತೂವರೆ. ಕಟ್ಟೆಯ ಮೇಲೆ ಅಪ್ಪ ಈಗಾಗಲೇ ಬಂದು ನಿಂತಿರುತ್ತಾನೆ. "ಬೇಡ. ಹುಟ್ಟು ಹಾಕಿದ್ರೆ ಮೈ ತಾನೇ ಬಿಸಿಯಾಗುತ್ತೆ."

ಹುಟ್ಟು ಹಾಕುವ ಮೂವರಿಗೆ ಆ ಮಾತು ನಿಜ. ನಾಲ್ಕನೆಯವರು ಕೈಕಟ್ಟಿ ಕೂರಬೇಕಾದವರು.

ಸರೋವರದಲ್ಲಿ ಎದುರುಗಾಳಿ. ಹತ್ತು ಎಳೆತ ಎಳೆದರೆ ನಾಲ್ಕು ಮಾರು ಮುಂದೆ. ಕಡ್ಡಿಗೆ ಮೇಷ್ಟ್ರ ಮಂಡಿಗಳು ಗಡಗಡ ನಡುಗುವುದು ಕಣ್ಣಂಚಿಗೆ ಕಂಡಿತು. ನೋಡಬಾರದು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಸದ್ಯ, ಮೈ ಬಿಸಿಯಾಯಿತು ಅಂತ ಕಾಣುತ್ತೆ ಎಂದು ನೆಮ್ಮದಿಪಟ್ಟಳು.

ಹನ್ನೊಂದೂಕಾಲಿಗೆ ಪುಟ್ಟ ಪುಸ್ತಕ ಜಾರಿ ದೋಣಿಯ ತಳದ ನೀರಿಗೆ ಬಿತ್ತು. ಮೇಷ್ಟ್ರು ಅದನ್ನು ಎತ್ತಿಕೊಳ್ಳಲಿಲ್ಲ.

ಕಡ್ಡಿ ಪುಸ್ತಕ ನೋಡಿದಳು. ಬಿಗಿದುಕೊಂಡ ಬೆರಳು ನೋಡಿದಳು. ಆಮೇಲೆ ಮುಖ.

ತುಟಿ ನೀಲಿಯಾಗಿತ್ತು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಸಾರ್? ಸಾರ್!"

"ಪರೀಕ್ಷೆ ಮಾಡ್ತಿದಾರೆ ಕಣೇ," ಮುಂದಿನಿಂದ ಲಾಯರಮ್ಮ ಕೂಗಿದಳು. ಯಾವುದಕ್ಕೂ ಎದುರುವಾದ ಹೂಡುವ ಹುಡುಗಿ. "ಮುಳುಗಿದ್ರೆ ಮಾತಾಡ್ತೀನಿ ಅಂದಿದ್ರಲ್ಲ!"

"ನಡುಕ ನಿಂತಿದೆ," ಎಂದಳು ಕಡ್ಡಿ. ಹೇಳುವಾಗಲೇ ಅವಳಿಗೆ ಪಾಠ ನೆನಪಾಯಿತು. ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದರು, ಇದೇ ಮೇಷ್ಟ್ರು. ಚಳಿಗೆ ನಡುಗುವವನು ಪರವಾಗಿಲ್ಲ, ನಡುಕ ನಿಂತವನನ್ನು ನೋಡಿಕೊಳ್ಳಿ. ಲಾಯರಮ್ಮ ವಾದ ಬಿಟ್ಟು ದಡ ಹುಡುಕತೊಡಗಿದಳು.

ಬಂಡೆಗಳ ನಡುವೆ ಒಂದು ಚಾಪೆಯಗಲದ ಜಲ್ಲಿ ದಡ ಸಿಕ್ಕಿತು. ಟಾರ್ಪಾಲು ಕಟ್ಟಿದರು. ಒದ್ದೆ ಬಟ್ಟೆ ಕತ್ತರಿಸಿ ತೆಗೆದರು. ಮೈ ಕಲ್ಲಿನಷ್ಟು ತಣ್ಣಗಿತ್ತು. ಡುಮ್ಮ ಅಂಗಿ ಬಿಚ್ಚಿ ಮಲಗುಚೀಲದೊಳಗೆ ಅವರನ್ನು ತಬ್ಬಿಕೊಂಡು ಮಲಗಿದ. ಲಾಯರಮ್ಮ ಸ್ಟೌ ಹಚ್ಚಿ ನೀರು ಕಾಯಿಸಿ ಬಾಟಲಿಗೆ ತುಂಬಿ, ಕಾಲುಚೀಲ ಸುತ್ತಿ ಕಂಕುಳಿಗೆ ಇಟ್ಟಳು. ಸಕ್ಕರೆ ನೀರು ಕುಡಿಸುವಂತಿರಲಿಲ್ಲ, ಗಂಟಲು ನುಂಗುತ್ತಿರಲಿಲ್ಲ.

ಫೋನಿಗೆ ಸಿಗ್ನಲ್ ಇಲ್ಲ. ಸೀಟಿ ಊದಿದರೆ ಗಾಳಿ ನುಂಗಿತು. ಹನ್ನೆರಡಾಯಿತು. ಒಂದಾಯಿತು.

"ಹೋಗ್ಬಿಡ್ತಾರೇನೇ?" ಡುಮ್ಮ ಚೀಲದೊಳಗಿಂದ ಕೇಳಿದ. ಅವನ ಹಲ್ಲೂ ಕಟಕಟ ಎನ್ನುತ್ತಿತ್ತು.

ಕಡ್ಡಿಗೆ ಹೌದು ಎಂದೇ ಅನಿಸಿತ್ತು. ಎರಡು ಮಾರು ದೂರದಲ್ಲಿ ಕೂತು ಎರಡು ಗಂಟೆ ಒಬ್ಬ ಮನುಷ್ಯ ಸಾಯುವುದನ್ನು ನೋಡದೆ ಇದ್ದೆ, ಅದನ್ನೇ ಧೈರ್ಯ ಅಂದುಕೊಂಡಿದ್ದೆ ಎಂದು ತನ್ನ ಮೇಲೆ ಅಸಹ್ಯವಾಯಿತು.

ಒಂದೂವರೆಗೆ ಮೇಷ್ಟ್ರ ದವಡೆ ಅದುರಿತು. ಆಮೇಲೆ ಭುಜ. ಆಮೇಲೆ ಮೈಯೆಲ್ಲ ಗಡಗಡ.

"ನಡುಗ್ತಿದಾರೆ!" ಡುಮ್ಮ ಅಳುತ್ತ ಕೂಗಿದ. "ನಡುಗ್ತಿದಾರೆ ಕಣ್ರೋ!"

ಒಬ್ಬರ ನಡುಕಕ್ಕೆ ಮೂವರು ಹಾಗೆ ಸಂತೋಷಪಟ್ಟದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಸಂತೋಷ ಬಹಳ ಹೊತ್ತು ಬಾಳಲಿಲ್ಲ. ಸ್ಟೌ ಆರಿತ್ತು. ಎಣ್ಣೆ ಮುಗಿದಿತ್ತು. ಇಲ್ಲೇ ಉಳಿದರೆ ಮತ್ತೆ ತಣ್ಣಗಾಗುತ್ತಾರೆ.

ಮೇಷ್ಟ್ರನ್ನೂ ಡುಮ್ಮನನ್ನೂ ಚೀಲದ ಸಮೇತ ದೋಣಿಯ ತಳದಲ್ಲಿ ಮಲಗಿಸಿ ಟಾರ್ಪಾಲು ಹೊದಿಸಿದರು. ಹುಟ್ಟಿಗೆ ಉಳಿದವರು ಇಬ್ಬರೇ.

"ದಾರಿ ನೀನು ನೋಡು," ಕಡ್ಡಿ ಲಾಯರಮ್ಮನಿಗೆ ಹೇಳಿದಳು. "ಬಂಡೆ ಬಂದ್ರೆ ಕೂಗು. ನಾನು ಇವರ ಮುಖ ನೋಡ್ತೀನಿ."

ಎಳೆತ, ಮುಖ. ಎಳೆತ, ಮುಖ. ಅಂಗೈ ಬೊಕ್ಕೆ ಒಡೆದು ಹುಟ್ಟಿನ ಹಿಡಿ ಕೆಂಪಾಯಿತು. ಎದುರಿನ ದಡ ಹತ್ತಿರ ಬರುವ ಲಕ್ಷಣವೇ ಕಾಣಲಿಲ್ಲ. ಲಾಯರಮ್ಮ ಬಿಕ್ಕುತ್ತಲೇ "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದಳು.

ನಾಲ್ಕು ಗಂಟೆಗೆ ಕಟ್ಟೆ ಮುಟ್ಟಿದರು. ಮೊದಲು ನೀರಿಗಿಳಿದು ದೋಣಿ ಹಿಡಿದವನು ಅಪ್ಪ, ಬೂಟಿನ ಸಮೇತ.

ಕಟ್ಟೆಯ ಪಕ್ಕದ ಚಿಕ್ಕ ಆಸ್ಪತ್ರೆಯಲ್ಲಿ ನರ್ಸಮ್ಮ ಬಾಗಿಲು ಅರ್ಧ ತೆರೆದು ಹೇಳಿದಳು: "ಬದುಕ್ತಾರೆ ಅಂತ ನಾನು ಹೇಳಲ್ಲ. ಸದ್ಯಕ್ಕೆ ಇದಾರೆ, ಅಷ್ಟೇ."

ಕಡ್ಡಿ ಬೆಂಚಿನ ಮೇಲೆ ಕೂತಿದ್ದಳು. ಅಪ್ಪನ ಕೈಯಲ್ಲಿ ಅವಳ ಚೀಲ. ಊರಿನ ಬಸ್ಸು ಐದೂವರೆಗೆ. ಲಾಯರಮ್ಮ ದೋಣಿಯ ತಳದಿಂದ ಮೇಷ್ಟ್ರ ಒದ್ದೆ ಪುಸ್ತಕ ತಂದು ಕೊಟ್ಟಳು. ಕಡ್ಡಿ ಬಿಡಿಸಿದಳು.

*ಮೊದಲ ತಿರುವು. ನನ್ನ ಕಡೆ ನೋಡಲಿಲ್ಲ. ಭೇಷ್.*

*ನದಿ ಕವಲು. ನೋಡಲಿಲ್ಲ. ತಾನೇ ಯೋಚಿಸಿದಳು. ಇವಳು ಗೈಡ್ ಆಗುತ್ತಾಳೆ.*

ಕೊನೆಯ ಹಾಳೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. *ಚಳಿ. ನಾಲಿಗೆ ಏಳುತ್ತಿಲ್ಲ.* ಅದರ ಕೆಳಗೆ, ಹಾಳೆ ಹರಿಯುವಷ್ಟು ಒತ್ತಿ: *ಈಗ ನೋಡಮ್ಮ.*

ಅಪ್ಪ ಅವಳ ಭುಜದ ಮೇಲಿಂದ ಓದಿದ.

ಐದೂಕಾಲಿಗೆ ನರ್ಸಮ್ಮ ಕರೆದಳು. ಮೇಷ್ಟ್ರು ಕಣ್ಣು ಬಿಟ್ಟಿದ್ದರು.

"ಎಷ್ಟು ಹೊತ್ತಿಗೆ... ಮುಟ್ಟಿದ್ರಿ?"

"ನಾಲ್ಕಕ್ಕೆ ಸಾರ್."

"ಫೇಲ್," ಎಂದರು. ಕಣ್ಣಂಚಿನಿಂದ ನೀರಿಳಿಯಿತು. "ನಾನೂನು."

"ಹೌದು ಸಾರ್," ಎಂದಳು ಕಡ್ಡಿ. ಅಳು ತಡೆಯಲಾಗಲಿಲ್ಲ.

ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿದರು. ಹೊದಿಕೆಯ ಕೆಳಗೆ ಮೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಕಡ್ಡಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದಳು. "ಅಪ್ಪ, ತಡ ಆಗುತ್ತೆ. ನಡಿ."

ಅಪ್ಪ ಚೀಲವನ್ನು ಬಾಗಿಲ ಬಳಿ ನೆಲಕ್ಕಿಟ್ಟ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದು ಕೊಟ್ಟ.

"ಬಸ್ಸು ನಾಳೆನೂ ಇದೆ," ಎಂದ. "ನೀನು ಅವರ ಮುಖ ನೋಡ್ತಾ ಕೂತ್ಕೊ."