ಅವರು ಅಂದ ‘ಹೂಂ’

ಮಿದುಳಿನಲ್ಲಿ ರಕ್ತಸ್ರಾವವಾಗಿ ನನ್ನ ಗಂಡ ಕೊಟ್ರೇಶ ರಾಯಚೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಆಪರೇಷನ್‌ಗೆ ನಾನು ಒಪ್ಪಿಗೆ ಕೊಡಬೇಕಿತ್ತು.

“ಬ್ಯಾಡವ್ವಾ, ನಮ್ಮೂರಿಗೆ, ಅರಕೇರಾಕ್ಕ ಒಯ್ಯೂಣು,” ಎಂದರು ಮಾವ.

“ಅವರ್ನ ಕೇಳದ ನಾ ಹ್ಯಾಂಗ ಹೇಳ್ಲಿರೀ ಯಪ್ಪಾ?” ಎಂದು ನಾನು ಗಂಡನ ಕಿವಿಯ ಹತ್ತಿರ ಬಾಗಿದೆ. ಔಷಧಿ ವಾಸನೆಯ ಆ ವಾರ್ಡಿನಲ್ಲಿ, ಅವರ ಮೈಯಿಂದ ಆಗಷ್ಟೇ ನೀರು ಹಾಯಿಸಿದ ಹೊಲದ ವಾಸನೆ ಬರುತ್ತಿತ್ತು. ಕಿವಿ ಮಂಜಿನಷ್ಟು ತಣ್ಣಗಿತ್ತು.

“ಆಪರೇಷನ್ ಮಾಡಸ್ಲೇನ್ರಿ?”

“ಹೂಂ.”

ತುಟಿ ಅಲುಗಲಿಲ್ಲ. ಧ್ವನಿ ಮಾತ್ರ ಅವರದೇ. ನರ್ಸ್ ತಮನ್ನಾ ಕೈಯಲ್ಲಿದ್ದ ಟ್ರೇ ಬಿತ್ತು. “ಅಕ್ಕಾ, ನನಗೂ ಕೇಳ್ತು,” ಎಂದಳು.

ನಾನು ಒಪ್ಪಿಗೆ ಕೊಟ್ಟೆ.

ಆಪರೇಷನ್ ಫಲಿಸಿತು. ಈಗ ಅವರು ಎದೆಯುಬ್ಬಿಸಿ ಹೊಲಕ್ಕೆ ಹೊರಟರೆ ನನಗೂ ಹೆಮ್ಮೆ. ಮಾತು ಮಾತ್ರ ಮರಳಿ ಬರಲಿಲ್ಲ. ರಕ್ತಸ್ರಾವವಾದ ಗಳಿಗೆಯಲ್ಲೇ ಅದು ಪೂರ್ತಿ ಹೋಗಿತ್ತು ಎನ್ನುತ್ತಾರೆ ಡಾಕ್ಟರು.